ಎಷ್ಟ ಖರ್ಚಾತು?

(ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಹುಬ್ಬಳ್ಳಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

2001ರ ಜೂನ್ 4, ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ನಾನು ಬೆಂಗಳೂರಿನ ಕೋರಮಂಗಲದಲ್ಲಿ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಿಂತಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು, ಫೈಲಿನೊಳಗೆ ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿ ಪಗಾರದ ಆಫರ್ ಲೆಟರ್. ಎದುರಿಗೆ ಬೀಗ ಹಾಕಿದ ಬಾಗಿಲು. ನಾನೇ ಬೇಗ ಬಂದೆ ಅಂದುಕೊಂಡು ಹನ್ನೊಂದರವರೆಗೆ ಮೆಟ್ಟಿಲ ಮೇಲೆ ಕೂತೆ. ಆಮೇಲೆ ಕೆಳಗಿಳಿದು ವಾಚ್‌ಮನ್‌ನನ್ನು ಕೇಳಿದರೆ, "ಅವರಾ? ಖಾಲಿ ಮಾಡಿ ಹದಿನೈದು ದಿನ ಆಯ್ತಲ್ಲ ಸಾರ್. ಕುರ್ಚಿ ಸಹಿತ ಮಾರಿಬಿಟ್ರು" ಅಂದ.

ಅಮೆರಿಕದಲ್ಲಿ ಡಾಟ್‌ಕಾಮ್ ಗುಳ್ಳೆ, ಅಂದರೆ ಇಂಟರ್ನೆಟ್ ಕಂಪನಿಗಳ ಷೇರಿನ ಉಬ್ಬರ, ಒಡೆದದ್ದು 2000ದ ಮಾರ್ಚ್‌ನಲ್ಲಿ. ಅದರ ಸಪ್ಪಳ ಕೋರಮಂಗಲದ ಎರಡನೇ ಮಹಡಿಗೆ ಬಂದು ಮುಟ್ಟಲು ಒಂದು ವರ್ಷ ಹಿಡಿಯಿತು. ಹುಬ್ಬಳ್ಳಿಯಲ್ಲಿ ಕೂತ ನನಗೆ ಅದು ಕೇಳಿಸಲೇ ಇಲ್ಲ. ನಾನಾಗ ಇಲ್ಲೇ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ, ಮೂರೂವರೆ ಸಾವಿರ ಪಗಾರ. ಆ ಕೆಲಸ ಬಿಟ್ಟು, ಗೆಳೆಯರಿಗೆಲ್ಲ ಮಿರ್ಚಿ ಗಿರ್ಮಿಟ್ ಪಾರ್ಟಿ ಕೊಟ್ಟು, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ್ದೆ. ಶ್ರೀರಾಂಪುರದಲ್ಲಿ ಕೋಣೆ ಹಿಡಿದು ಹದಿನೈದು ಸಾವಿರ ಅಡ್ವಾನ್ಸ್ ಕೊಟ್ಟಾಗಿತ್ತು. ಅದರಲ್ಲಿ ಅರ್ಧ ನಮ್ಮ ಅಪ್ಪ ತನ್ನ ಕಿರಾಣಿ ಅಂಗಡಿಯ ಗಲ್ಲಾದಿಂದ ತೆಗೆದುಕೊಟ್ಟದ್ದು.

ಅವತ್ತು ಸಂಜೆ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿ, "ಎಲ್ಲಾ ಚಲೋ ಐತಿ, ಕೆಲಸಾನೂ ಚಲೋ ಐತಿ" ಅಂದೆ.

ಹನ್ನೆರಡು ವಾರ ಹಾಗೇ ಅಂದೆ. ದಿನಾ ಬೆಳಿಗ್ಗೆ ಅಂಗಿ ತೊಟ್ಟು, ಫೈಲು ಹಿಡಿದು ಕೋಣೆಯಿಂದ ಹೊರಬೀಳುತ್ತಿದ್ದೆ, ಯಾಕೆಂದರೆ ಮನೆಯ ಮಾಲಕರಿಗೂ ಸುಳ್ಳು ಹೇಳಿದ್ದೆ. ಕಬ್ಬನ್ ಪಾರ್ಕಿನ ಯಾವ ಬೆಂಚಿಗೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ ಅಂತ ಈಗಲೂ ನಾನು ಹೇಳಬಲ್ಲೆ. ನಗಬೇಡಿ, ಈ ಇಪ್ಪತ್ತು ವರ್ಷಗಳ ವಕೀಲಿಯಲ್ಲಿ ನನ್ನ ಹತ್ತಿರ ಇಂಥ ಪ್ರಕರಣ ತಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇದನ್ನೇ ಮಾಡಿದ್ದಾರೆ. ಬೆಂಚು ಬೇರೆ, ಅಷ್ಟೇ. ಈಗಿನವರು ಪಿಜಿಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು "ವರ್ಕ್ ಫ್ರಂ ಹೋಮ್" ಅಂತಾರೆ.

ಆಗಸ್ಟ್ ಕೊನೆಯಲ್ಲಿ ಅಪ್ಪ ಹೇಳದೆ ಕೇಳದೆ ಬಂದ. ಕೋಣೆ ನೋಡಿದ, ನನ್ನನ್ನು ನೋಡಿದ, ಎಲ್ಲ ತಿಳಿಯಿತು. ಬೈಯುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಒಂದೇ ಮಾತು: "ಎಷ್ಟ ಖರ್ಚಾತು?" ಜೇಬಿನಿಂದ ಅಂಗಡಿಯ ಉದ್ರಿ ವಹಿ ತೆಗೆದು, ಹಿಂದಿನ ಖಾಲಿ ಹಾಳೆಯಲ್ಲಿ ಬರೆಯಲು ಕೂತ. ಬಾಡಿಗೆ ಮೂರು ತಿಂಗಳದ್ದು 4,500. ದಲ್ಲಾಳಿಗೆ 1,500. ಹಾಸಿಗೆ, ಬಕೀಟು, ಸ್ಟೋವು 1,840. ಊಟ 3,600. ರೈಲು, ಬಸ್ಸು 760. ಅಡ್ವಾನ್ಸ್ ಮರಳಿಸುವಾಗ ಬಣ್ಣದ ಹೆಸರಲ್ಲಿ ಮಾಲಕರು ಹಿಡಿದುಕೊಳ್ಳುವ ಒಂದು ತಿಂಗಳ ಬಾಡಿಗೆ, 1,500. ಇಷ್ಟಾದ ಮೇಲೆ ಪೆನ್ನು ಎತ್ತದೆ ಕೇಳಿದ, "ಅಲ್ಲೇ ಹುಬ್ಬಳ್ಳ್ಯಾಗ ಇದ್ದಿದ್ರ ಈ ಮೂರು ತಿಂಗಳಿಗೆ ಎಷ್ಟ ಪಗಾರ ಬರ್ತಿತ್ತು? ಅದನ್ನೂ ಬರೀತೀನಿ." 10,500. ಒಟ್ಟು 24,200. ಕೆಳಗೆ ಎರಡು ಗೆರೆ ಎಳೆದ. ರಾತ್ರಿ ಗಾಡಿಗೆ ನನ್ನನ್ನು ಕರೆದುಕೊಂಡು ಬಂದ.

ಏಳನೇ ತರಗತಿ ಓದಿದ ನಮ್ಮಪ್ಪ ಅಂದು ಬರೆದದ್ದು ಭಾರತೀಯ ಕರಾರು ಕಾಯ್ದೆ 1872ರ ಕಲಂ 73ರ ಲೆಕ್ಕ, ಅಂದರೆ ಕರಾರು ಮುರಿದಾಗ ಆದ ನಷ್ಟದ ಲೆಕ್ಕ, ಅಂತ ನನಗೆ ತಿಳಿದದ್ದು ಕಾನೂನು ಓದಲು ಸೇರಿದ ಮೇಲೆ. ಇವತ್ತು ನಾನು ಮಾತಾಡಲು ಬಂದಿರುವುದು ಆ ಹಾಳೆಯ ಬಗ್ಗೆಯೇ.

ಮೊದಲು ಒಂದು ಭ್ರಮೆ ತೆಗೆಯೋಣ. ಕೊಟ್ಟ ಆಫರ್ ಹಿಂತೆಗೆದುಕೊಂಡ ಕಂಪನಿಯ ಮೇಲೆ ಕೇಸು ಹಾಕಿದರೆ ಕೋರ್ಟು ಆ ಕೆಲಸ ಕೊಡಿಸುತ್ತದೆಯೇ? ಖಾಸಗಿ ಕಂಪನಿಯಾದರೆ ಇಲ್ಲ. ಮಾಡುವವನ ವೈಯಕ್ತಿಕ ಅರ್ಹತೆಯನ್ನು ಅವಲಂಬಿಸಿದ ಕರಾರನ್ನು ಬಲವಂತವಾಗಿ ನಡೆಸಿಕೊಡಲು ಆಗುವುದಿಲ್ಲ ಅಂತ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 14 ಹೇಳುತ್ತದೆ. ಬೇಡವಾದ ಸೊಸೆಯನ್ನು ಮನೆ ತುಂಬಿಸಿಕೊಳ್ಳಿ ಅಂತ ನ್ಯಾಯಾಧೀಶರು ಹೇಳಲಾರರು. ಕಾರ್ಮಿಕ ಕಾನೂನುಗಳ ರಕ್ಷಣೆಯೂ ಸಾಮಾನ್ಯವಾಗಿ ಕೆಲಸಕ್ಕೆ ಸೇರಿದವರಿಗೆ. ನೀವು ಇನ್ನೂ ಸೇರಿಲ್ಲ. ಹಳೆಯ ಕೆಲಸ ಬಿಟ್ಟಾಗಿದೆ, ಹೊಸದಕ್ಕೆ ಹೆಸರು ಹಚ್ಚಿಲ್ಲ. ಹೊಸ್ತಿಲ ಮೇಲೆ ನಿಂತವರು ಒಳಗಿನವರೂ ಅಲ್ಲ, ಹೊರಗಿನವರೂ ಅಲ್ಲ. ಸಂಜೆ ಹೊತ್ತು ಹೊಸ್ತಿಲ ಮೇಲೆ ಕೂಡಬೇಡ ಅಂತ ನಮ್ಮ ಅಜ್ಜಿ ಯಾಕೆ ಬೈಯುತ್ತಿದ್ದಳೋ, ಈ ಅರ್ಥದಲ್ಲಂತೂ ಸರಿಯಾಗೇ ಬೈದಳು.

ಉಳಿಯುವುದು ನಷ್ಟ ಪರಿಹಾರ. ಅದು ಕಲಂ 73ರಲ್ಲಿದೆ. ಕರಾರು ಮುರಿದವನು ಯಾವ ನಷ್ಟ ತುಂಬಿಕೊಡಬೇಕು? ಎರಡು ಬಗೆ. ಮುರಿದದ್ದರಿಂದ ಸಹಜವಾಗಿ ಆಗುವ ನಷ್ಟ ಒಂದು. ಇನ್ನೊಂದು, ಕರಾರು ಮಾಡಿಕೊಳ್ಳುವ ಹೊತ್ತಿಗೆ, ಇದು ಮುರಿದರೆ ಇಂಥ ನಷ್ಟವಾಗಬಹುದು ಅಂತ ಎರಡೂ ಕಡೆಯವರಿಗೆ ಗೊತ್ತಿದ್ದ ನಷ್ಟ. "ಕರಾರು ಮಾಡಿಕೊಳ್ಳುವ ಹೊತ್ತಿಗೆ" ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಾನು ಮೂರೂವರೆ ಸಾವಿರದ ಕೆಲಸ ಬಿಟ್ಟು, ಅಡ್ವಾನ್ಸ್ ಕೊಟ್ಟು, ಊರು ಬಿಟ್ಟು ಬರುತ್ತಿದ್ದೇನೆ ಅಂತ ಕೋರಮಂಗಲದವರಿಗೆ ಗೊತ್ತಿತ್ತೇ? ಊಹಿಸಬಹುದಿತ್ತು. ಆದರೆ ಕಾಗದದ ಮೇಲೆ ನಾನು ತಿಳಿಸಿರಲಿಲ್ಲ. ಫೋನಿನಲ್ಲಿ "ಯೆಸ್ ಸರ್, ಥ್ಯಾಂಕ್ಯೂ ಸರ್" ಅಂದದ್ದೇ ನನ್ನ ಒಪ್ಪಿಗೆ.

ಆದ್ದರಿಂದ ನನ್ನ ಹತ್ತಿರ ಸಲಹೆಗೆ ಬರುವ ಹುಡುಗರಿಗೆ ನಾನು ಒಂದೇ ಕೆಲಸ ಹೇಳುತ್ತೇನೆ. ಆಫರ್ ಒಪ್ಪಿಕೊಳ್ಳುವ ಮೇಲ್‌ನಲ್ಲೇ, ಆಮೇಲೆ ಬೇರೆ ಮೇಲ್‌ನಲ್ಲಿ ಅಲ್ಲ, ನಾಲ್ಕು ಸಾಲು ಸೇರಿಸಿ. "ನಿಮ್ಮ ಈ ಪತ್ರವನ್ನು ನಂಬಿ ಇಂಥ ತಾರೀಖಿನಂದು ನನ್ನ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಈಗ ನನಗೆ ಇಷ್ಟು ಸಂಬಳವಿದೆ. ಗದಗದಿಂದ ಬೆಂಗಳೂರಿಗೆ ವಾಸ ಬದಲಿಸುತ್ತಿದ್ದೇನೆ, ಮನೆಯ ಅಡ್ವಾನ್ಸ್ ಮತ್ತು ಸಾಗಣೆಗೆ ಸುಮಾರು ಇಷ್ಟು ಖರ್ಚಾಗಲಿದೆ. ಸೇರುವ ದಿನ ಬದಲಾಗುವ ಸಾಧ್ಯತೆಯಿದ್ದರೆ ನಾನು ರಾಜೀನಾಮೆ ಕೊಡುವ ಮೊದಲೇ ತಿಳಿಸಿ." ಇಷ್ಟೇ. ಇದರಲ್ಲಿ ಜಗಳವಿಲ್ಲ, ಬೆದರಿಕೆಯಿಲ್ಲ. ಇಂಥ ಮೇಲ್ ಬಂತು ಅನ್ನುವ ಕಾರಣಕ್ಕೇ ಆಫರ್ ಹಿಂತೆಗೆದುಕೊಂಡ ಕಂಪನಿಯನ್ನು ನಾನು ಕಂಡಿಲ್ಲ. ಹಾಗೊಂದು ಕಂಪನಿ ಹಿಂತೆಗೆದುಕೊಂಡರೆ ಪುಣ್ಯ ಅನ್ನಿ, ನೀವಿನ್ನೂ ಹುಬ್ಬಳ್ಳಿಯಲ್ಲೇ ಇದ್ದೀರಿ.

ಮೇಲ್ ಕಳಿಸುವ ಮೊದಲು ಕೈಯಲ್ಲಿರುವ ಕಾಗದ ಯಾವುದು ನೋಡಿ. ಲೆಟರ್ ಆಫ್ ಇಂಟೆಂಟ್ (ಕೆಲಸ ಕೊಡುವ ಇರಾದೆ ಇದೆ ಅನ್ನುವ ಪತ್ರ) ಅಂತ ತಲೆಬರಹವಿದ್ದರೆ, ಅದು ಹೆಣ್ಣು ನೋಡಿಕೊಂಡು ಹೋದವರು "ಹೇಳಿ ಕಳಿಸ್ತೀವಿ" ಅಂದ ಹಾಗೆ. ಅದನ್ನು ನಂಬಿ ಯಾರೂ ಮಂಟಪ ಬುಕ್ ಮಾಡುವುದಿಲ್ಲ. ಆಫರ್ ಲೆಟರ್ ಆದರೆ ಕೊನೆಯ ಪುಟ ಮೊದಲು ಓದಿ. ಹಿನ್ನೆಲೆ ಪರಿಶೀಲನೆಗೆ ಒಳಪಟ್ಟು, ವ್ಯವಹಾರದ ಅಗತ್ಯಕ್ಕೆ ಒಳಪಟ್ಟು, ಕಾರಣ ಕೊಡದೆ ಹಿಂತೆಗೆದುಕೊಳ್ಳುವ ಹಕ್ಕಿಗೆ ಒಳಪಟ್ಟು ಅಂತ ಸಾಲು ಸಾಲು ಇರುತ್ತವೆ. ಮೊದಲ ಪುಟದಲ್ಲಿ ಕೊಟ್ಟದ್ದನ್ನೆಲ್ಲ ಕೊನೆಯ ಪುಟದಲ್ಲಿ ವಾಪಸು ಪಡೆಯುವ ಕಲೆ ಅದು. ಉತ್ತರವನ್ನೂ ಕೊಟ್ಟ ಗಡುವಿನೊಳಗೆ ಲಿಖಿತವಾಗಿ ಕಳಿಸಿ. ನಿಮ್ಮ ಒಪ್ಪಿಗೆ ಹೊರಡುವ ಮೊದಲು ಆಫರ್ ಹಿಂಪಡೆದರೆ ಅವರನ್ನು ಕೇಳುವ ಹಾಗೇ ಇಲ್ಲ, ಅದು ಅದೇ ಕಾಯ್ದೆಯ ಕಲಂ 5.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಈ ಭಾಗದಿಂದ ಗುಳೆ ಹೋಗುವವರನ್ನು ನೀವೆಲ್ಲ ನೋಡಿದ್ದೀರಿ. ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯ ಜನ ಸುಗ್ಗಿ ಮುಗಿದ ಮೇಲೆ ಗೋವಾ, ಪುಣೆ, ಮುಂಬೈ, ಬೆಂಗಳೂರಿಗೆ ಹೋಗುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿನವನು ಮುಂಗಡ ಕೈಗೆ ಬೀಳದೆ ಊರು ಬಿಡುವುದಿಲ್ಲ. ಆ ಮುಂಗಡವೇ ಕೊರಳಿಗೆ ಉರುಳಾಗುತ್ತದೆ ಅನ್ನುವುದು ಬೇರೆ ಕಥೆ. ಜೀತ ನಿರ್ಮೂಲನಾ ಕಾಯ್ದೆ ಬಂದದ್ದು 1976ರಲ್ಲಿ, ಉರುಳು ಇನ್ನೂ ಪೂರ್ತಿ ಬಿಚ್ಚಿಲ್ಲ. ನಾನು ಹೇಳುವುದು ಇಷ್ಟೇ: ಊರು ಬಿಡುವುದಕ್ಕೆ ಖರ್ಚಿದೆ, ಆ ಖರ್ಚು ಕರೆಸಿಕೊಳ್ಳುವವನದು ಅನ್ನುವ ತಿಳಿವಳಿಕೆ ಓದು ಬಾರದ ಆ ಮನುಷ್ಯನಿಗಿದೆ. ಕಾನೂನಿಗೂ ಒಂದು ಕಾಲಕ್ಕೆ ಅದು ಹೊಳೆದಿತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ, ಗುತ್ತಿಗೆದಾರ ಬೇರೆ ರಾಜ್ಯದಿಂದ ಕರೆತಂದ ಆಳಿಗೆ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ, ಹೋಗಿಬರುವ ಪ್ರಯಾಣದ ಖರ್ಚು, ಪ್ರಯಾಣದ ದಿನಗಳ ಕೂಲಿ ಕೊಡಬೇಕು ಅಂತ ಇತ್ತು. ಎಷ್ಟು ಜನಕ್ಕೆ ಸಿಕ್ಕಿತು ಅಂತ ಕೇಳಬೇಡಿ. ಯಾದಗಿರಿಯಿಂದ ಪುಣೆಗೆ ಹೋದರೆ ಆ ಕಾಯ್ದೆ, ಅದಕ್ಕಿಂತ ದೂರದ ಬೆಂಗಳೂರಿಗೆ ಹೋದರೆ ಇಲ್ಲ, ಯಾಕೆಂದರೆ ಗಡಿ ದಾಟಲಿಲ್ಲವಲ್ಲ! ಆದರೂ ಪುಸ್ತಕದಲ್ಲಾದರೂ ಇತ್ತು. ಇಂಜಿನಿಯರಿಂಗ್, ಎಂಬಿಎ ಓದಿದ ನಮ್ಮ ಮಕ್ಕಳು ಮಾತ್ರ ಬಿಡಿಗಾಸು ಕೇಳದೆ, ಅಪ್ಪನ ಗಲ್ಲಾದ ದುಡ್ಡಿನಲ್ಲಿ, ಇನ್ನೊಬ್ಬರ ಕಂಪನಿ ನಡೆಸಲು ಊರು ಬಿಡುತ್ತಾರೆ. ಕಂಪನಿಗಳು ಕೇಳಲು ನಾಚುವುದಿಲ್ಲ ನೋಡಿ. ಎರಡು ವರ್ಷದೊಳಗೆ ಬಿಟ್ಟರೆ ಇಷ್ಟು ಲಕ್ಷ ಕೊಡಬೇಕು ಅಂತ ಬಾಂಡ್ ಬರೆಸಿಕೊಳ್ಳುತ್ತವೆ. ಸೇರುವ ಮೊದಲೇ ನೀವೇ ಕೈಬಿಟ್ಟರೆ ಏನು ಕೊಡುತ್ತೀರಿ ಅಂತ ನಾವು ಕೇಳಿದರೆ ಅದು ಅಧಿಕಪ್ರಸಂಗ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದು ಅಧಿಕಪ್ರಸಂಗವಲ್ಲ. ನಿಮ್ಮಲ್ಲಿ ಕೆಲವರ ಮಕ್ಕಳು ಅಲ್ಲಿದ್ದಾರೆ, ಅದಕ್ಕೇ ಹೇಳುತ್ತೇನೆ. ಅಲ್ಲಿನ ಲೇಬರ್ ಕೋಡ್‌ನ ಕಲಂ 970 ಇಂಥದ್ದಕ್ಕಾಗಿಯೇ ಇದೆ. ಕೆಲಸ ಇದೆಯೋ ಇಲ್ಲವೋ, ಎಂಥದ್ದು, ಎಷ್ಟು ದಿನದ್ದು, ಸಂಬಳ ಎಷ್ಟು ಅನ್ನುವುದರ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿ ಒಬ್ಬರನ್ನು ಊರು ಬದಲಿಸುವಂತೆ ಮಾಡಿದರೆ ಅದು ಅಪರಾಧ. ಕಲಂ 972ರ ಪ್ರಕಾರ ಆದ ನಷ್ಟದ ಎರಡು ಪಟ್ಟು ಕೇಳಬಹುದು. 1996ರಲ್ಲಿ ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂತು. ನ್ಯೂಯಾರ್ಕಿನಲ್ಲಿ ನೆಮ್ಮದಿಯಾಗಿದ್ದವನನ್ನು, ನಮ್ಮ ಕಂಪನಿ ಭದ್ರವಾಗಿದೆ, ನಿನ್ನ ಕೆಲಸವೂ ಭದ್ರ ಅಂತ ನಂಬಿಸಿ ಲಾಸ್ ಏಂಜಲೀಸ್‌ಗೆ ಕರೆಸಿಕೊಂಡರು, ಕಂಪನಿಯ ಹಣಕಾಸು ಕೆಟ್ಟದ್ದನ್ನು ಮುಚ್ಚಿಟ್ಟರು, ಎರಡು ವರ್ಷಕ್ಕೆ ಕೆಲಸದಿಂದ ತೆಗೆದರು ಅನ್ನುವ ದೂರು. ಹೀಗೆ ಮೋಸದಿಂದ ಒಪ್ಪಿಸಿದ್ದಾದರೆ ವಂಚನೆಯ ದಾವೆ ಹೂಡಬಹುದು ಅಂತ ಕೋರ್ಟು ಹೇಳಿತು. ಮನೆಮಠ ಕಿತ್ತುಕೊಂಡು ಬಂದವನ ನಷ್ಟ ಬರೀ ಸಂಬಳದ್ದಲ್ಲ ಅಂತ ಆ ಕೋರ್ಟಿಗೆ ಅರ್ಥವಾಗಿತ್ತು.

ನಮ್ಮಲ್ಲಿ ಇಂಥ ಪ್ರತ್ಯೇಕ ಕಲಂ ಇಲ್ಲ. ಇರುವುದರಲ್ಲೇ ಬಾಳುವೆ ಮಾಡಬೇಕು. ಎಷ್ಟು ಸಿಗಬಹುದು ಅಂತ ನೇರವಾಗಿ ಹೇಳಿಬಿಡುತ್ತೇನೆ: ವರ್ಷಕ್ಕೆ ಹನ್ನೆರಡು ಲಕ್ಷದ ಆಫರ್ ತಪ್ಪಿತು, ಹನ್ನೆರಡು ಲಕ್ಷ ಕೊಡಿಸಿ ಅಂದರೆ ಕೋರ್ಟು ಒಪ್ಪುವುದಿಲ್ಲ. ಆ ಕಂಪನಿ ನಿಮ್ಮನ್ನು ಸೇರಿಸಿಕೊಂಡು ಮರುದಿನವೇ ಒಂದು ತಿಂಗಳ ನೋಟಿಸ್ ಕೊಟ್ಟು ತೆಗೆಯಬಹುದಿತ್ತಲ್ಲ? ಹಾಗಾಗಿ ತಪ್ಪಿದ ಸಂಬಳದ ಲೆಕ್ಕ ಸಾಮಾನ್ಯವಾಗಿ ಆ ನೋಟಿಸ್ ಅವಧಿಯ ಸಂಬಳಕ್ಕೆ ಬಂದು ನಿಲ್ಲುತ್ತದೆ. ಅದರ ಮೇಲೆ ನೀವು ಎಷ್ಟು ಕೂಡಿಸಬಲ್ಲಿರಿ ಅನ್ನುವುದು ಅಪ್ಪನ ಹಾಳೆಗೆ ಬಿಟ್ಟದ್ದು. ದಲ್ಲಾಳಿಯ ಚೀಟಿ, ಲಾರಿಯ ಬಿಲ್ಲು, ಟಿಕೇಟು, ಬಾಡಿಗೆ ಕರಾರು, ಅಡ್ವಾನ್ಸ್ ಕೊಟ್ಟ ಯುಪಿಐ ದಾಖಲೆ, ಬಿಟ್ಟ ಕೆಲಸದ ಕೊನೆಯ ಮೂರು ಪಗಾರ ಚೀಟಿ. ನನ್ನ ಹತ್ತಿರ 24,200ರ ಲೆಕ್ಕವಿತ್ತು, ಒಂದಕ್ಕೂ ಚೀಟಿ ಇರಲಿಲ್ಲ. ದಾವೆ ಹಾಕುವುದಾದರೆ ಯಾರ ಮೇಲೆ ಹಾಕುವುದು ಅನ್ನುವುದೂ ಗೊತ್ತಿರಲಿಲ್ಲ.

ಬಾಡಿಗೆ ಕರಾರು ಅಂದಾಗ ನೆನಪಾಯಿತು. ಅದು ಹನ್ನೊಂದು ತಿಂಗಳಿಗೇ ಯಾಕೆ ಇರುತ್ತದೆ ಗೊತ್ತೇ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು ಈ ಹನ್ನೊಂದು. ಆದರೆ ಅದರೊಳಗೆ "ಲಾಕ್-ಇನ್" ಅಂತ ಒಂದು ಸಾಲು ಕೂತಿರುತ್ತದೆ, ಇಷ್ಟು ತಿಂಗಳೊಳಗೆ ಬಿಟ್ಟರೆ ಅಡ್ವಾನ್ಸ್‌ನಲ್ಲಿ ಇಷ್ಟು ಮುರಿಯುತ್ತೇವೆ ಅಂತ. ಕೆಲಸ ಕೈಕೊಟ್ಟವನಿಗೆ ಎರಡನೇ ಪೆಟ್ಟು ಬೀಳುವುದು ಅಲ್ಲಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಈಗ ಕೆಲವೆಡೆ ಐದಾರಕ್ಕೆ ಇಳಿದಿದೆ, ಬಣ್ಣದ ದುಡ್ಡು ಮಾತ್ರ ಇಳಿದಿಲ್ಲ. ಮೊದಲ ಎರಡು ತಿಂಗಳು ದಿನದ ಅಥವಾ ವಾರದ ಲೆಕ್ಕದ ಪಿಜಿಯಲ್ಲಿರಿ. ಮೊದಲ ಪಗಾರ ಖಾತೆಗೆ ಬಿದ್ದ ಮೇಲೆ ಮನೆ ಹುಡುಕಿ. ಹೆಂಡತಿ ಮಕ್ಕಳಿದ್ದವರು ಶಾಲೆಯ ಟಿಸಿ ಕೀಳುವುದೂ ಆಮೇಲೆಯೇ.

ಇನ್ನು ಹಣ ಕೇಳುವವರ ವಿಷಯ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಅಂತ ಕೆಲಸ ಕೊಡುವವನೇ ದುಡ್ಡು ಕೇಳಿದರೆ ಅಲ್ಲಿ ಕೆಲಸವಿಲ್ಲ. ಕಳಿಸಿಬಿಟ್ಟಿದ್ದರೆ ಆ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಜಿಗಿಯುತ್ತದೆ. ಅದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 318. ಪೊಲೀಸ್ ಠಾಣೆಗೆ ಹೋಗಬೇಕಾದ ವಿಷಯ.

ವಿದೇಶದ ಮಾತು ಬಂದರೆ ಇದರ ತೂಕವೇ ಬೇರೆ, ಹುಬ್ಬಳ್ಳಿಯ ಹಾಗೆ ರಾತ್ರಿ ಗಾಡಿ ಹತ್ತಿ ಬರಲಾಗುವುದಿಲ್ಲ. ಕೊಲ್ಲಿ ದೇಶಗಳಿಗೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹುಡುಕಿದರೆ ಸಿಗಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ಮೀರುವಂತಿಲ್ಲ. ಲಕ್ಷ ಎರಡು ಲಕ್ಷ ಕೇಳಿ, ವಿಸಿಟ್ ವೀಸಾ ಕೈಗಿಟ್ಟು, "ಅಲ್ಲಿ ಹೋದ ಮೇಲೆ ಬದಲಿಸಿಕೊಡ್ತಾರೆ" ಅಂದರೆ ಅಲ್ಲೇ ಎದ್ದು ಬನ್ನಿ. ಇತ್ತೀಚಿನದು ಇನ್ನೂ ಘೋರ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಅಂತ ಕರೆಸಿಕೊಂಡು ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಒಯ್ದು, ಕೂಡಿಹಾಕಿ, ಆನ್‌ಲೈನ್ ಮೋಸ ಮಾಡಿಸುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಎರಡೇ ದಿನ ವಾಪಸು ಕರೆತಂದವರ ಸಂಖ್ಯೆ 549. ಕಂಪ್ಯೂಟರ್ ಬಲ್ಲವರನ್ನೇ ಹುಡುಕಿ ಹಿಡಿಯುವ ಬಲೆ ಇದು, ನಿಮ್ಮಂಥವರನ್ನು.

ಮತ್ತೆ ಕಬ್ಬನ್ ಪಾರ್ಕಿನ ಬೆಂಚಿಗೆ ಬರುತ್ತೇನೆ. ಪಾಲಕರೇ, ಈ ಭಾಗ ನಿಮಗೆ. ಅಪ್ಪ ಬರೆದ 24,200ರಲ್ಲಿ ಮೊದಲ ವಾರವೇ ನಾನು ಬಾಯಿಬಿಟ್ಟಿದ್ದರೆ ಎಷ್ಟು ಉಳಿಯುತ್ತಿತ್ತು ಅಂತ ಆಮೇಲೆ ಕೂತು ಕೂಡಿಸಿ ಕಳೆದು ನೋಡಿದ್ದೇನೆ. ಮುಕ್ಕಾಲು ಪಾಲು ಉಳಿಯುತ್ತಿತ್ತು. ಹುಬ್ಬಳ್ಳಿಯ ಹಳೆಯ ಕೇಂದ್ರದವರು ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡದ್ದು ಜುಲೈ ಕೊನೆಗೆ. ನಾನು ಜೂನ್ 5ಕ್ಕೆ ಫೋನ್ ಮಾಡಿದ್ದರೆ ವಾಪಸು ಹೋಗಬಹುದಿತ್ತು. ಕಂಪನಿ ಮುಚ್ಚಿದ್ದು ಅವರ ತಪ್ಪು, ಅದನ್ನು ಹನ್ನೆರಡು ವಾರ ಮುಚ್ಚಿಟ್ಟದ್ದು ನನ್ನ ಮರ್ಯಾದೆಯ ಖರ್ಚು. ಕಲಂ 73ಕ್ಕೆ ಒಂದು ವಿವರಣೆ ಇದೆ: ನಷ್ಟವಾದವನು ಅದನ್ನು ತಗ್ಗಿಸಿಕೊಳ್ಳಲು ಯಾವ ದಾರಿ ಇತ್ತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಚಿನ ಮೇಲೆ ಕೂತವನಿಗೆ ಕೋರ್ಟು ಬೆಂಚಿನ ಬಾಡಿಗೆ ಕೊಡುವುದಿಲ್ಲ. ಆದ್ದರಿಂದ ಮರುದಿನದಿಂದಲೇ ಬೇರೆ ಕಡೆ ಅರ್ಜಿ ಹಾಕಿ, ಹಾಕಿದ್ದಕ್ಕೆ ದಾಖಲೆ ಇಡಿ, ಹಳೆಯ ಮೇಲಧಿಕಾರಿಗೆ ಫೋನ್ ಮಾಡಿ. ಊರಿಗೆ ವಾಪಸು ಬಂದ ಮಗನನ್ನು ನೋಡಿ "ಯಾಕ ಬಂದಿ?" ಅನ್ನುವ ಮಂದಿ ಓಣಿ ತುಂಬ ಇರುತ್ತಾರೆ. ಮನೆಯೊಳಗೂ ಅದೇ ಪ್ರಶ್ನೆ ಬೇಡ. ಪೆನ್ನು ತೆಗೆದು ಎಷ್ಟು ಖರ್ಚಾಯಿತು ಅಂತ ಕೇಳಿ.

ಕೇಸು ಹಾಕಲೇಬೇಕಾದರೆ ಮೂರು ವರ್ಷದ ಕಾಲಮಿತಿ ಇದೆ. ಆದರೆ ನೇರ ಕೋರ್ಟಿಗೆ ಓಡಬೇಡಿ, ವಕೀಲನಾಗಿಯೇ ಹೇಳುತ್ತಿದ್ದೇನೆ. ಮೊದಲು ಲೀಗಲ್ ನೋಟಿಸ್. ಫೀ ಕೊಡಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು. ಸಹಾಯವಾಣಿ 15100.

ಕೊನೆಗೆ ಒಂದು ಪ್ರಕರಣ. ಗದಗ ಜಿಲ್ಲೆಯ ಹುಡುಗಿ. ಇಲ್ಲಿ 22,000 ಪಗಾರದ ಕೆಲಸ ಬಿಟ್ಟು ಬೆಂಗಳೂರಿಗೆ ಹೋದಳು. ಸೇರುವ ದಿನ ಮೂರು ಸಲ "ಮುಂದಿನ ಸೋಮವಾರ" ಆಯಿತು, ನಾಲ್ಕನೇ ಸಲ ಎರಡು ಸಾಲಿನ ಮೇಲ್ ಬಂತು, ಹುದ್ದೆಯೇ ಇಲ್ಲ ಅಂತ. ಆದರೆ ಅವಳು ಒಪ್ಪಿಗೆಯ ಮೇಲ್‌ನಲ್ಲೇ ರಾಜೀನಾಮೆಯ ತಾರೀಖು, ಬಿಡುತ್ತಿರುವ ಪಗಾರ, ಪಿಜಿ ಅಡ್ವಾನ್ಸ್ ಎಲ್ಲ ಬರೆದಿದ್ದಳು. ಯಾರು ಹೇಳಿಕೊಟ್ಟರು ಅಂದರೆ, "ಯಾರೂ ಇಲ್ಲ ಸರ್, ನಮ್ಮವ್ವ ಸ್ವಸಹಾಯ ಸಂಘದ ಲೆಕ್ಕ ಬರೀತಾಳ, ನನಗೂ ಅದೇ ರೂಢಿ" ಅಂದಳು. ಆ ಮೇಲ್‌ನ ಪ್ರತಿ ಲಗತ್ತಿಸಿ ನೋಟಿಸ್ ಕಳಿಸಿದೆವು. ಒಂದೂವರೆ ತಿಂಗಳಲ್ಲಿ ಅವರ ವಕೀಲರು ಫೋನ್ ಮಾಡಿದರು, ಒಂದು ತಿಂಗಳ ಸಂಬಳ ಮತ್ತು ಚೀಟಿ ಇದ್ದಷ್ಟು ಖರ್ಚಿಗೆ ಒಪ್ಪಂದವಾಯಿತು. ಚೀಟಿ ಇಲ್ಲದ್ದು ಆಟೋ ಬಾಡಿಗೆ ಮಾತ್ರ, ಅದಕ್ಕಾಗಿ ಅವಳು ಅರ್ಧ ಗಂಟೆ ನನ್ನ ಜೊತೆ ವಾದ ಮಾಡಿದಳು.

ಮರುವರ್ಷ ಪುಣೆಯಿಂದ ಆಫರ್ ಬಂದಾಗ ಅವಳು ಅದನ್ನು ನನಗೆ ಕಳಿಸಿದ್ದಳು. ಸೇರುವ ದಿನಕ್ಕೆ ಮೊದಲು ಕಂಪನಿಯೇ ಹಿಂಜರಿದರೆ ಒಂದು ತಿಂಗಳ ಸಂಬಳ ಮತ್ತು ಸ್ಥಳಾಂತರದ ಖರ್ಚು ಕೊಡಬೇಕು ಅಂತ ಒಂದು ಸಾಲು ಸೇರಿಸಲು ತಾನೇ ಕೇಳಿದ್ದಳು. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ತಿದ್ದಿದ ಪತ್ರ ಬಂತು, ಆ ಸಾಲು ಅದರಲ್ಲಿತ್ತು. ಅವಳು ಲಗೇಜು ಕಟ್ಟಿದ್ದು ನಾಲ್ಕನೇ ದಿನ.